ಬೆಳೆಯುವ ಮಗುವಿಗೆ ಮುಂದಿನ ಸೀಟು: ಒಂದು ಮೀಮಾಂಸೆ

ವಿಷಯ

ಮೂರು ತುಂಬಿ ಆರರೊಳಗಿರುವ ಮಗುವಿಗೆ ಈಗಿನ ಕಾರ್ ಸೀಟು ಬಿಗಿಯಾಗುತ್ತ ಬಂದಾಗ ಮುಂದಿನದು ಯಾವುದು, ಅದನ್ನು ಯಾವಾಗ ತರಬೇಕು ಎಂಬುದೇ ಇಲ್ಲಿಯ ವಿಚಾರ. ಮೊದಲ ಸೀಟು ಮನೆಗೆ ಬರುವುದು ಹೆಚ್ಚಾಗಿ ಉಡುಗೊರೆಯಾಗಿ. ಸೋದರಮಾವನೋ ಪುಣೆಯಲ್ಲಿರುವ ಕಾಕಾನೋ ತಂದುಕೊಡುತ್ತಾರೆ, ಕೂಸು ಅದರಲ್ಲಿ ಮಲಗಿಕೊಂಡೇ ಬೆಳೆಯುತ್ತದೆ. ತಕರಾರು ಶುರುವಾಗುವುದು ಎರಡನೆಯದಕ್ಕೆ. ಮಗು ಈಗ ಮಾತಾಡುತ್ತದೆ, ಅಂಗಣವಾಡಿಗೆ ಹೋಗುತ್ತದೆ, ತನ್ನ ಚಪ್ಪಲಿ ತಾನೇ ಹಾಕಿಕೊಳ್ಳುತ್ತದೆ. ‘ಇನ್ನೇನು, ದೊಡ್ಡಾತು’ ಎಂದು ಹಳೆಯ ಸೀಟು ಅಟ್ಟ ಸೇರುತ್ತದೆ, ಹೊಸದು ಬರುವುದೇ ಇಲ್ಲ.

ದಾನೋಳಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ವಾರಣಾ ದಂಡೆಯ ಊರು. ಪೇಟೆಗೆ ಜಯಸಿಂಗಪುರ, ದವಾಖಾನೆಗೆ ಸಾಂಗ್ಲಿ ಮಿರಜ, ದೇವರಿಗೆ ನರಸೋಬಾವಾಡಿ ಇಲ್ಲವೇ ಬಾಹುಬಲಿ ಬೆಟ್ಟ, ಬೀಗರಿಗೆ ಚಿಕ್ಕೋಡಿ, ನಿಪ್ಪಾಣಿ, ಗಡಹಿಂಗ್ಲಜ. ಮಗು ಕಾರಿನಲ್ಲಿ ಕೂಡುವುದು ಇಂಥ ದಾರಿಗಳಲ್ಲಿ. ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಗಳ ಸ್ವಭಾವವೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ. ಹಿಂದಕ್ಕೆ ಚಾಚಿದ ಕಬ್ಬು ಕೆಂಪು ದೀಪವನ್ನೇ ಮುಚ್ಚಿಬಿಟ್ಟಿರುತ್ತದೆ. ಸಂಜೆ ಏಳರ ಮೇಲೆ ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆದರೆ ಮುಂದಿರುವ ಟ್ರಾಲಿ ಕಾಣುವುದು ಹತ್ತಿರ ಬಂದ ಮೇಲೆಯೇ. ಎಷ್ಟೇ ಹುಷಾರಿನ ಡ್ರೈವರಾದರೂ ಗಕ್ಕನೆ ಬ್ರೇಕ್ ಒತ್ತಲೇಬೇಕಾದ ರಸ್ತೆ ಇದು.

ಸಂಶಯ

ಹಳೆಯ ಮೀಮಾಂಸಕರು ಸಂಶಯವನ್ನು ಸರಿಯಾಗಿ ನಿಲ್ಲಿಸದೆ ಸಿದ್ಧಾಂತಕ್ಕೆ ಹೋಗುತ್ತಿರಲಿಲ್ಲ. ಆ ಶಿಸ್ತು ನಮಗೂ ಬೇಕು. ಸೀಟು ಬದಲಿಸಲು ಕಾರಣ ಮಗುವಿನ ವಯಸ್ಸೋ, ಮಗುವಿನ ಅಳತೆಯೋ? ಮುಂದಿನ ಸೀಟು ಮೇಲಿನ ತರಗತಿಗೆ ಹೋದಂತೆಯೋ, ಇದ್ದ ರಕ್ಷಣೆಯಲ್ಲಿ ಒಂದಿಷ್ಟನ್ನು ಬಿಟ್ಟುಕೊಟ್ಟಂತೆಯೋ? ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ: ಕಾರಣ ಅಳತೆ ಮಾತ್ರ, ಮತ್ತು ಪ್ರತಿ ಬದಲಾವಣೆಯಲ್ಲೂ ರಕ್ಷಣೆ ಒಂದು ಮೆಟ್ಟಿಲು ಇಳಿಯುತ್ತದೆ. ಹಿಮ್ಮುಖ ಸೀಟು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ಮುಮ್ಮುಖ ಸೀಟಿನ ಐದು ಕಡೆಯ ಪಟ್ಟಿ ಮೈಯನ್ನು ಹಿಡಿದರೂ ತಲೆ ಮುಂದಕ್ಕೆ ಜಗ್ಗುತ್ತದೆ. ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರಿನಲ್ಲಿ ಹಿಡಿಯುವುದು ದೊಡ್ಡವರ ಬೆಲ್ಟ್ ಮಾತ್ರ. ಆದ್ದರಿಂದ ಪ್ರತಿ ಮೆಟ್ಟಿಲನ್ನೂ ಆದಷ್ಟು ತಡವಾಗಿ ಇಳಿಯಬೇಕು.

ಇದಕ್ಕೆ ಊರಿನಲ್ಲಿ ಬರುವ ಆಕ್ಷೇಪಗಳು ಪೊಳ್ಳಲ್ಲ. ಒಂದೊಂದಕ್ಕೂ ಉತ್ತರ ಕೊಡಬೇಕು.

ಪೂರ್ವಪಕ್ಷಗಳು

ಮೊದಲನೆಯದು ಆಯಿಯ ಮಾತು. “ಮಡಿಲಾಗ ಕುಂಡ್ರಿಸಿಕೊಂಡ್ರ ಅದಕ್ಕಿಂತ ಗಟ್ಟಿ ಜಾಗಾ ಯಾವುದೈತಿ? ನಿಮ್ಮಪ್ಪನ್ನ ನಾ ಹಂಗ ಬೆಳಿಸೀನಿ.”

ಆ ಪ್ರೀತಿಗೆ ಎದುರು ಹೇಳಲು ಏನೂ ಇಲ್ಲ. ತೋಳಿನ ಬಲಕ್ಕೆ ಮಾತ್ರ ಒಂದು ಲೆಕ್ಕ ಇದೆ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಾಗಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆ ಗಳಿಗೆಯಲ್ಲಿ 15 ಕಿಲೋ ಮಗುವನ್ನು ಇದ್ದಲ್ಲೇ ಹಿಡಿದಿಡಲು 200 ಕಿಲೋಗೂ ಮೀರಿದ ಬಲ ಬೇಕು. ಕಾರ್ಖಾನೆಯಿಂದ ಬರುವ 50 ಕಿಲೋದ ಸಕ್ಕರೆ ಚೀಲಗಳು ನಾಲ್ಕು ಒಮ್ಮೆಗೇ ಎದೆಯ ಮೇಲಿಂದ ಮುಂದಕ್ಕೆ ಎಗರಿದರೆ ಯಾವ ಹಮಾಲನೂ ಎರಡು ತೋಳಿನಲ್ಲಿ ತಡೆಯಲಾರ. ಆಯಿ ತಾನೂ ಬೆಲ್ಟ್ ಹಾಕಿರದಿದ್ದರೆ ಆಕೆಯ ಮೈಭಾರವೂ ಮಗುವಿನ ಬೆನ್ನ ಮೇಲೆಯೇ ಬೀಳುತ್ತದೆ. ಇಬ್ಬರನ್ನೂ ಒಂದೇ ಬೆಲ್ಟಿನಲ್ಲಿ ಸುತ್ತಿದರೆ ಇನ್ನೂ ಕೆಟ್ಟದ್ದು: ಪಟ್ಟಿ ಹಿಡಿಯುವುದು ಮಗುವನ್ನು, ಹಿಂದಿನಿಂದ ಒತ್ತುವುದು ಆಯಿಯ ಭಾರ. ಅಪ್ಪ ಆ ಕಾಲದಲ್ಲಿ ಬದುಕುಳಿದದ್ದು ನಿಜ. ಆಗ ಚಕ್ಕಡಿಯ ವೇಗದಲ್ಲಿ ಹೋಗುತ್ತಿದ್ದೆವು, ರಸ್ತೆಯೂ ಇಷ್ಟು ನುಣುಪಾಗಿರಲಿಲ್ಲ.

ಎರಡನೆಯದು ಕಾಯ್ದೆ ಬಲ್ಲವರ ವಾದ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮು 14 ತುಂಬದ ಮಗು ಸೀಟ್ ಬೆಲ್ಟ್ ಅಥವಾ ಮಕ್ಕಳ ರಕ್ಷಣಾ ಸಾಧನ ಎರಡರಲ್ಲಿ ಒಂದರಲ್ಲಿ ಇರಬೇಕು, ಇಲ್ಲದಿದ್ದರೆ 1,000 ರೂಪಾಯಿ ದಂಡ ಎನ್ನುತ್ತದೆ. ‘ಅಥವಾ’ ಎಂದಿರುವಾಗ ಬೆಲ್ಟ್ ಒಂದೇ ಸಾಕಲ್ಲವೇ?

ದಂಡ ತಪ್ಪಿಸಿಕೊಳ್ಳಲು ಸಾಕು. ಕಾಯ್ದೆ ಹೇಳುವುದು ಇದಕ್ಕಿಂತ ಕೆಳಗಿಳಿಯಬೇಡಿ ಎಂದು, ಇಲ್ಲಿಗೇ ನಿಲ್ಲಿ ಎಂದಲ್ಲ. ದೊಡ್ಡವರ ಬೆಲ್ಟ್ ಕೆಲಸ ಮಾಡುವುದು ಎಲುಬಿನ ಮೇಲೆ. ಕೆಳಗಿನ ಪಟ್ಟಿ ಸೊಂಟದ ಎಲುಬನ್ನು ಹಿಡಿಯಬೇಕು, ಮೇಲಿನದು ಭುಜದೆಲುಬಿನ ನಡುವೆ ಹಾದು ಎದೆಯ ಮೇಲೆ ಇಳಿಯಬೇಕು. ನಾಲ್ಕು ವರ್ಷದ ಮಗುವಿನ ಸೊಂಟದೆಲುಬಿನ ಅಂಚು ಇನ್ನೂ ಬಲಿತಿರುವುದಿಲ್ಲ, ಪಟ್ಟಿಗೆ ತಡೆ ಸಿಗುವುದಿಲ್ಲ. ತೊಡೆ ಗಿಡ್ಡ, ಸೀಟಿನ ಅಂಚು ದೂರ. ಮಂಡಿ ಮಡಚಲೆಂದು ಮಗು ಮುಂದಕ್ಕೆ ಜಾರಿ ಕೂಡುತ್ತದೆ. ಆಗ ಕೆಳಪಟ್ಟಿ ಹೊಟ್ಟೆಯ ಮೆತ್ತನೆ ಭಾಗಕ್ಕೆ ಏರುತ್ತದೆ, ಮೇಲ್ಪಟ್ಟಿ ಕತ್ತು ಕೊರೆಯುತ್ತದೆ. ಮಗು ಅದನ್ನು ತೆಗೆದು ಕಂಕುಳ ಕೆಳಗೋ ಬೆನ್ನ ಹಿಂದೆಯೋ ಹಾಕಿಕೊಳ್ಳುತ್ತದೆ. ಡಿಕ್ಕಿಯಾದರೆ ಕರುಳು, ಗುಲ್ಮ, ಬೆನ್ನುಹುರಿಗೆ ಪೆಟ್ಟು ಬೀಳುವುದು ಹೀಗೆಯೇ. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಬರೀ ಬೆಲ್ಟಿಗಿಂತ ಬೂಸ್ಟರ್ ಗಂಭೀರ ಗಾಯದ ಅಪಾಯವನ್ನು ಶೇ. 45ರಷ್ಟು ಇಳಿಸುತ್ತದೆ ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ಕಾಯ್ದೆಯ ‘ಅಥವಾ’ ಈ ಅಂತರವನ್ನು ಕಾಣುವುದಿಲ್ಲ.

“ಹಂಗಾದ್ರ ಕೌದಿ ಮಡಚಿ ಕೆಳಗ ಹಾಕೋಣ, ಎತ್ತರಾಗ್ತೈತಿ” ಎನ್ನುವವರಿದ್ದಾರೆ. ಬುದ್ಧಿವಂತಿಕೆಯ ಮಾತೇ. ಆದರೆ ಕೌದಿ ಒತ್ತಡಕ್ಕೆ ಕುಸಿಯುತ್ತದೆ, ನುಣುಪು ರೆಕ್ಸಿನ್ ಮೇಲೆ ಮುಂದಕ್ಕೆ ಜಾರುತ್ತದೆ, ಮಗುವಿನ ಸೊಂಟವನ್ನು ಬೆಲ್ಟಿನಡಿ ತಳ್ಳುತ್ತದೆ. ಬೂಸ್ಟರಿನ ತಳ ಗಟ್ಟಿ, ಎರಡೂ ಪಕ್ಕಕ್ಕೆ ಬೆಲ್ಟನ್ನು ಕೆಳಗೆ ಹಿಡಿದಿಡುವ ಕಿವಿಗಳಿವೆ. ಎತ್ತರ ಕೊಡುವುದು ಅರ್ಧ ಕೆಲಸ, ಬೆಲ್ಟನ್ನು ಸೊಂಟದಲ್ಲಿ ನಿಲ್ಲಿಸುವುದು ಉಳಿದರ್ಧ.

ಹಿಂದಿನ ಸೀಟಿನಲ್ಲಿ ಕೂತರೆ ಏನೂ ಆಗುವುದಿಲ್ಲ ಎಂಬುದಕ್ಕೆ ಉದ್ದದ ಉತ್ತರ ಬೇಡ. 2022ರ ಸೆಪ್ಟೆಂಬರ್ 4ರಂದು ನಮ್ಮದೇ ರಾಜ್ಯದ ಪಾಲಘರ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಆ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಅರ್ಧದಷ್ಟು ಜನ ಸ್ಟಿಯರಿಂಗ್ ಹಿಡಿಯದ ಪ್ರಯಾಣಿಕರು.

ಇನ್ನು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. “ನಮ್ಮ ಮನಿಯಾಗ ಒಂದ ಗಾಡಿ. ಲಗ್ನಕ್ಕ ಎಂಟು ಮಂದಿ ಹೋಗಬೇಕು. ಉಳಿದ ದಿನ ಬಾಡಿಗಿ ವಡಾಪ್ ಜೀಪು, ಇಲ್ಲಾ ಬೈಕು. ಅದರಾಗ ಎಲ್ಲಿ ಸೀಟು ಇಡೂದು?” ಇದನ್ನು ಶಹರದವರು ತಾತ್ಸಾರದಿಂದ ತಳ್ಳಿಹಾಕುತ್ತಾರೆ. ತಳ್ಳಬಾರದು, ಇದು ಇಲ್ಲಿಯ ಬದುಕು.

ಉತ್ತರ ಹಲವು ಮಟ್ಟದ್ದು. ಅಪಾಯ ಪ್ರತಿ ಪ್ರಯಾಣಕ್ಕೂ ಬೇರೆ ಬೇರೆ ಬರುತ್ತದೆ. ಹತ್ತರಲ್ಲಿ ಆರು ಸಲ ಸ್ವಂತ ಕಾರಿನಲ್ಲಿ ಹೋದರೆ ಆ ಆರು ಸಲವೂ ಸೀಟು ಕಾಯುತ್ತದೆ. ಉಳಿದ ನಾಲ್ಕಕ್ಕೆ ಆಗದು ಎಂದು ಆರನ್ನೂ ಬಿಡುವುದು ಯಾವ ನ್ಯಾಯ? ಎಂಟು ಮಂದಿಯ ಲಗ್ನಕ್ಕೆ ನನ್ನ ಸಲಹೆ ನಿಷ್ಠುರವಾದದ್ದು: ಕಾರಿನಲ್ಲಿ ಎಷ್ಟು ಬೆಲ್ಟೋ ಅಷ್ಟೇ ಮಂದಿ, ಮೊದಲ ಬೆಲ್ಟು ಮಗುವಿನದು, ಉಳಿದ ದೊಡ್ಡವರು ಎಸ್‌ಟಿ ಬಸ್ಸಿಗೆ. ಇದರಿಂದ ಮನಸ್ತಾಪ ಆಗುತ್ತದೆ, ಗೊತ್ತು. ಮಾಮಾಗೆ ಬಸ್ಸಿನಲ್ಲಿ ಬಾ ಎಂದರೆ ಒಂದು ವಾರ ಮಾತು ಬಿಡುತ್ತಾನೆ. ಬಿಡಲಿ. ಬೊಲೆರೋದ ಹಿಂಬದಿಯಲ್ಲಿ ಎದುರುಬದುರು ಅಡ್ಡ ಬೆಂಚುಗಳಿದ್ದರೆ ಮಗುವನ್ನು ಅಲ್ಲಿ ಕೂರಿಸಲೇಬಾರದು; ಅಡ್ಡ ಸೀಟಿನ ಮೇಲೆ ಯಾವ ಮಕ್ಕಳ ಸೀಟೂ ಕೂಡುವುದಿಲ್ಲ. ಬೆಲ್ಟೇ ಇಲ್ಲದ ವಡಾಪಿಗಿಂತ ನಾನಂತೂ ಮಗುವಿನೊಂದಿಗೆ ಎಸ್‌ಟಿ ಹತ್ತುತ್ತೇನೆ. ಬೈಕಿಗೂ ಈಗ ನಿಯಮವಿದೆ: 2023ರ ಫೆಬ್ರುವರಿ 15ರಿಂದ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಸವಾರನಿಗೆ ಕಟ್ಟುವ ಹಾರ್ನೆಸ್, ತಲೆಗೆ ಹೆಲ್ಮೆಟ್, ವೇಗ 40 ಕಿಲೋಮೀಟರ್ ದಾಟಬಾರದು.

ರೊಕ್ಕದ ಮಾತನ್ನೂ ಮುಚ್ಚಿಡುವುದಿಲ್ಲ. ಕೆಲವು ಸಾವಿರ ರೂಪಾಯಿ ಬೇಕು, ಬೆಳೆ ಬಿಲ್ಲು ತಡವಾದ ವರ್ಷ ಅದು ಸಣ್ಣದಲ್ಲ. ಅದಕ್ಕೇ ಸಿದ್ಧಾಂತದಲ್ಲಿ ಬಹುಕಾಲ ಬಾಳುವ ಸೀಟಿನ ಕಡೆ ವಾಲುತ್ತೇನೆ. ಬೀಗರ ಮನೆಯ ಹಳೆಯ ಸೀಟು ಪುಕ್ಕಟೆ ಸಿಗುತ್ತದೆ ಎಂದರೆ ಮೂರು ಪ್ರಶ್ನೆ ಕೇಳಿ: ಎಂದಾದರೂ ಡಿಕ್ಕಿಯಲ್ಲಿ ಇತ್ತೇ, ತಳದಲ್ಲಿ ಅಚ್ಚೊತ್ತಿದ ಅವಧಿ ಮುಗಿದಿದೆಯೇ, ನೀರಿನಲ್ಲಿ ಮುಳುಗಿತ್ತೇ? ಮೂರನೆಯದನ್ನು ಶಿರೋಳ ತಾಲೂಕಿನಲ್ಲಿ ಕೇಳಲೇಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರದಲ್ಲಿ ಎಷ್ಟೋ ಮನೆಗಳ ಸಾಮಾನು ನೀರು ಕಂಡಿದೆ. ಹೊರಗಿನ ಬಟ್ಟೆ ತೊಳೆದು ಒಣಗಿಸಿದರೆ ಹೊಸದರಂತೆ ಕಂಡೀತು, ಬಕಲ್‌ನೊಳಗೆ ಸೇರಿದ ಸಣ್ಣ ರೇವೆ ಮಾತ್ರ ಹೋಗುವುದಿಲ್ಲ. ‘ಕಟ್’ ಎಂದು ಕೂತಂತೆ ಕೇಳಿಸಿ ಅರ್ಧಕ್ಕೇ ನಿಂತ ಬಕಲ್ ಇಲ್ಲದ ಬಕಲಿಗಿಂತ ಅಪಾಯ, ಏಕೆಂದರೆ ಅದನ್ನು ನಂಬಿರುತ್ತೇವೆ.

ಸಿದ್ಧಾಂತ

ಮೊದಲು ಈಗಿನ ಸೀಟು ನಿಜಕ್ಕೂ ಸಣ್ಣದಾಗಿದೆಯೇ ನೋಡಬೇಕು. ಹಿಮ್ಮುಖವಾಗಿರುವ ಸೀಟಿನಲ್ಲಿ ಕಾಲು ಕಾರಿನ ಸೀಟಿನ ಬೆನ್ನಿಗೆ ತಾಗುವುದು ಸಣ್ಣದಾದ ಗುರುತಲ್ಲ. ಮಕ್ಕಳು ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂಡುತ್ತಾರೆ. ತೂಕ ಸೀಟಿಗೆ ಅಂಟಿಸಿದ ಚೀಟಿಯ ಮಿತಿ ಮುಟ್ಟಿದಾಗ, ಇಲ್ಲವೇ ನೆತ್ತಿಯ ಮೇಲೆ ಸೀಟಿನ ಅಂಚು ಎರಡು ಬೆರಳಿನಷ್ಟೂ ಉಳಿಯದಾದಾಗ ಮಾತ್ರ ಅದು ಮುಗಿಯಿತು. 1960ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಬರ್ಟಿಲ್ ಆಲ್ಡ್‌ಮನ್, ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ಉಡಾವಣೆಯ ಒತ್ತಡವನ್ನು ಬೆನ್ನಿನ ಮೇಲೆ ಹೊರುವುದನ್ನು ನೋಡಿ ಮಕ್ಕಳಿಗೆ ಹಿಮ್ಮುಖ ಸೀಟು ಮಾಡಿದರು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳು ಹಾಗೆಯೇ ಕೂಡುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ‘ಎರಡು ವರ್ಷದವರೆಗೆ’ ಎಂಬ ಮಾತನ್ನು ಕೈಬಿಟ್ಟು ‘ಸೀಟಿನ ಮಿತಿ ಮುಟ್ಟುವವರೆಗೆ’ ಎಂದಿತು. ವಯಸ್ಸನ್ನು ಕೈಬಿಟ್ಟು ಅಳತೆಯನ್ನು ಹಿಡಿದದ್ದು ಅವರೇ.

ಮುಮ್ಮುಖ ಸೀಟಿನಲ್ಲಿ ನೋಡಬೇಕಾದದ್ದು ಭುಜ. ಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ ಬರಬೇಕು. ಪಟ್ಟಿ ಹಾಯುವ ಮೇಲಿನ ಕೊನೆಯ ತೂತಿಗಿಂತ ಭುಜ ಎತ್ತರವಾದರೆ, ಕಿವಿಯ ತುದಿ ಸೀಟಿನ ನೆತ್ತಿ ಮುಟ್ಟಿದರೆ, ಇಲ್ಲವೇ ತೂಕ ಮೀರಿದರೆ ಆ ಸೀಟಿನ ಕೆಲಸ ಮುಗಿಯಿತು.

ಈಗ ಅಳತೆ. ಅಂಗಣವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ, ಎತ್ತರ ಬರೆದುಕೊಳ್ಳುತ್ತಾರೆ. ಆ ಅಂಕಿ ಕೇಳಿ ತನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ನಡುಮಟ್ಟದ ಗಂಡುಮಗು ಮೂರಕ್ಕೆ 96 ಸೆಂಟಿಮೀಟರ್, 14.3 ಕಿಲೋ, ನಾಲ್ಕಕ್ಕೆ 103, 16.3, ಐದಕ್ಕೆ 110, 18.3. ಹೆಣ್ಣುಮಕ್ಕಳದು ಕೂದಲೆಳೆಯಷ್ಟು ಕಡಿಮೆ. ನಮ್ಮ ಭಾಗದ ಬಹಳ ಮಕ್ಕಳು ಇದಕ್ಕಿಂತ ತೆಳ್ಳಗೆ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ: ತೂಕ ಮುಗಿಯುವ ಮೊದಲೇ ಭುಜ ಮುಗಿಯುತ್ತದೆ. ಆದ್ದರಿಂದ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಕಿಲೋ ನೋಡುವ ಮೊದಲು ಮೇಲಿನ ತೂತಿನ ಎತ್ತರ ನೋಡಬೇಕು. ಮಗುವನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ನೆಲದಿಂದ ಭುಜದವರೆಗೆ ಟೇಪು ಹಿಡಿಯಿರಿ. ಅದೇ ಟೇಪನ್ನು ಅಂಗಡಿಗೆ ಒಯ್ದು ಸೀಟಿನ ತಳದಿಂದ ಮೇಲಿನ ತೂತಿನವರೆಗೆ ಅಳೆಯಿರಿ. ಈ ವಯಸ್ಸಿನ ಮಗು ವರ್ಷಕ್ಕೆ 6-7 ಸೆಂಟಿಮೀಟರ್ ಬೆಳೆಯುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾಲಿಗೆ ಹೋಗುತ್ತದೆ. ಐದು ಸೆಂಟಿಮೀಟರ್ ಉಳಿದರೆ ವರ್ಷಕ್ಕೂ ಮಿಕ್ಕಿ ಬಾಳುತ್ತದೆ.

ಅಂಗಡಿಯಲ್ಲಿ ಎದುರಾಗುವುದು ಎರಡು ಜಾತಿ. ಒಂದು, 9ರಿಂದ 36 ಕಿಲೋ ಎಂದು ಬರೆದಿರುವುದು. ಮೊದಲು ಐದು ಕಡೆಯ ಪಟ್ಟಿ, ಆಮೇಲೆ ಅದೇ ಬೂಸ್ಟರ್. ಇನ್ನೊಂದು, 15ರಿಂದ 36 ಕಿಲೋ ಎಂದಿರುವ, ಬೆನ್ನಿರುವ ಬೂಸ್ಟರ್. ಮೊದಲ ಜಾತಿಯಲ್ಲಿ ಒಂದು ಮೋಸ ಹೋಗುವ ಜಾಗ ಇದೆ. 36 ಎಂಬುದು ಇಡೀ ಸೀಟಿನ ಮಿತಿ. ಒಳಪಟ್ಟಿಯ, ಅಂದರೆ ಆ ಐದು ಕಡೆಯ ಪಟ್ಟಿಯ, ಮಿತಿ ಹಲವು ಸೀಟುಗಳಲ್ಲಿ 18 ಮಾತ್ರ, ಕೆಲವಲ್ಲಿ 25. ಚೀಟಿ ಓದಿಯೇ ಕೊಳ್ಳಬೇಕು. ವೃತ್ತದೊಳಗೆ ಇ ಅಕ್ಷರ, ಜತೆಗೆ ಆರ್44 ಅಥವಾ ಆರ್129 ಎಂಬ ಸುರಕ್ಷತಾ ಮಾನದಂಡದ ಗುರುತು ಇರಬೇಕು. ಆರ್44 ಆದರೆ ಅನುಮೋದನೆ ಸಂಖ್ಯೆ 03 ಅಥವಾ 04ರಿಂದ ಶುರುವಾಗಬೇಕು. ಆರ್129 ಹೊಸದು, ಪಕ್ಕದ ಡಿಕ್ಕಿಯ ಪರೀಕ್ಷೆಯೂ ಅದರಲ್ಲಿದೆ, ಮಗುವಿನ ಎತ್ತರದ ಮೇಲೆ ಲೆಕ್ಕ ಹಾಕುತ್ತದೆ.

ಮೂರು ನಾಲ್ಕು ವರ್ಷದವರಿಗೆ ನನ್ನ ತೀರ್ಮಾನ ಮೊದಲ ಜಾತಿ. 15 ಕಿಲೋ ಆಯಿತೆಂದು ಮೂರೂವರೆಯ ಮಗುವನ್ನು ಬೂಸ್ಟರಿಗೆ ಹಾಕಲು ಚೀಟಿ ಅನುಮತಿ ಕೊಡಬಹುದು, ಮಗುವಿನ ಸ್ವಭಾವ ಕೊಡುವುದಿಲ್ಲ. ಬೂಸ್ಟರಿನಲ್ಲಿ ಮಗು ಇಡೀ ದಾರಿ ನೆಟ್ಟಗೆ ಕೂಡಬೇಕು, ನಿದ್ದೆಯಲ್ಲೂ. ನರಸೋಬಾವಾಡಿಯಲ್ಲಿ ಪ್ರಸಾದ ಉಂಡು ಹೊರಟ ನಾಲ್ಕು ವರ್ಷದ ಮಗು ಶಿರೋಳ ದಾಟುವುದರೊಳಗೆ ಪಕ್ಕಕ್ಕೆ ವಾಲಿ ಬೆಲ್ಟಿನ ಹೊರಗೆ ಬಂದಿರುತ್ತದೆ. ಐದು ಕಡೆಯ ಪಟ್ಟಿ ಅದನ್ನು ಬಿಡುವುದಿಲ್ಲ. ಹಳೆಯದು ಅಳತೆಗೆ ಸಾಲದಾಗುವುದೇ ಬದಲಾವಣೆಗೆ ಕಾರಣ; ಬೂಸ್ಟರಿಗೆ ಮಾತ್ರ ಮಗು ಸಿದ್ಧವೂ ಇರಬೇಕು: ಐದು ತುಂಬಿ, 18 ಕಿಲೋ ಆಗಿ, ನಿದ್ದೆಯಲ್ಲೂ ವಾಲದಿದ್ದಾಗ ಬೂಸ್ಟರ್. ಅದೂ ಬೆನ್ನಿರುವುದೇ. ಬೆನ್ನಿಲ್ಲದ ತಟ್ಟೆಯಂಥ ಬೂಸ್ಟರನ್ನು ಯುರೋಪಿನ ಹೊಸ ನಿಯಮ 125 ಸೆಂಟಿಮೀಟರ್ ದಾಟಿದವರಿಗೆ ಮಾತ್ರ ಬಿಟ್ಟಿದೆ. ಸುಮಾರು 145 ಸೆಂಟಿಮೀಟರ್ ಆಗುವವರೆಗೆ, ಅಂದರೆ ಹತ್ತು ಹನ್ನೆರಡರ ತನಕ, ಬೂಸ್ಟರ್ ಬೇಕು.

ಆಯಿತು, ಸೀಟು ಒಳ್ಳೆಯದು. ನಿಮ್ಮ ಗಾಡಿಗೆ ಕೂಡುತ್ತದೆಯೇ? ಅಂಗಡಿಗೆ ಗಾಡಿ ಒಯ್ದು ಕೂರಿಸಿ ನೋಡದೆ ರೊಕ್ಕ ಕೊಡಬೇಡಿ. ಸೀಟನ್ನು ನೇರವಾಗಿ ಗಾಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಹಳೆಯ ಗಾಡಿಗಳಲ್ಲಿ ಇರುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ಮೂರು ಕಡೆಯ ಬೆಲ್ಟಿನಿಂದ ಕಟ್ಟುವ ಸೀಟೂ ಸರಿಯಾಗಿ ಕಟ್ಟಿದರೆ ಗಟ್ಟಿ. ಬೂಸ್ಟರಿನಲ್ಲಂತೂ ಐಸೋಫಿಕ್ಸ್ ಸೀಟನ್ನು ಹಿಡಿಯುತ್ತದೆ, ಮಗುವನ್ನು ಹಿಡಿಯುವುದು ಬೆಲ್ಟೇ. ಹಿಂಬದಿಯ ನಡುವೆ ಸೊಂಟಪಟ್ಟಿ ಮಾತ್ರ ಇದ್ದರೆ ಅಲ್ಲಿ ಬೂಸ್ಟರ್ ಇಡುವಂತಿಲ್ಲ. ಇನ್ನೊಂದನ್ನು ಬಗ್ಗಿ ನೋಡಬೇಕು: ಕಾರಿನ ಬೆಲ್ಟಿನ ಬಕಲ್ ಉದ್ದವಾಗಿದ್ದು ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಮಡಚಿ ಕೂತಿದ್ದರೆ ಹೊಡೆತಕ್ಕೆ ಬಿಚ್ಚಿಕೊಳ್ಳಬಹುದು. ಆ ಸೀಟು ಆ ಗಾಡಿಗಲ್ಲ. ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಜಗ್ಗಿ. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು. ಮೇಲಿನಿಂದ ಹಿಂದಕ್ಕೆ ಕಟ್ಟುವ ಪಟ್ಟಿ ಇದ್ದರೆ, ಕಾರಿನಲ್ಲಿ ಅದಕ್ಕೆ ಕೊಂಡಿಯೂ ಇದ್ದರೆ, ತಪ್ಪದೆ ಕಟ್ಟಿ.

ಒಳಪಟ್ಟಿಯ ಬಿಗಿತಕ್ಕೆ ಪರೀಕ್ಷೆ ಸುಲಭ. ಭುಜದೆಲುಬಿನ ಹತ್ತಿರ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ. ಮಡಿಕೆ ಬೆರಳಿಗೆ ಸಿಕ್ಕರೆ ಸಡಿಲ, ಬೆರಳು ಜಾರಿದರೆ ಸರಿ. ದಪ್ಪ ಸ್ವೆಟರ್ ಹಾಕಿದ್ದರೆ ಬಿಚ್ಚಿಸಿ, ಕಟ್ಟಿದ ಮೇಲೆ ಹೊದಿಸಿ. ಇಚಲಕರಂಜಿಯ ಮಗ್ಗದ ಮನೆಯವರಿಗೆ ಪಟ್ಟಿಯ ಗುಣ ನಾನು ಹೇಳಿಕೊಡಬೇಕಿಲ್ಲ: ಅಂಚಿನ ಎಳೆ ಎದ್ದಿದೆಯೇ, ನಡುವೆ ತಿರುಚಿದೆಯೇ ಎಂದು ಅವರ ಕಣ್ಣಿಗೆ ಮೊದಲೇ ಬೀಳುತ್ತದೆ. ಪಟ್ಟಿಯನ್ನು ಸೋಡಾದಲ್ಲಿ ನೆನೆಸುವುದು, ಇಸ್ತ್ರಿ ಹಾಕುವುದು ಬೇಡ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯ ಬಕಲ್ ಸುಡುತ್ತದೆ, ಮೇಲೊಂದು ಟವೆಲ್ ಇರಲಿ.

ಮಗು ಅಳುತ್ತದೆ ಎಂಬ ಆಕ್ಷೇಪ ಉಳಿಯಿತು. ಅಳುತ್ತದೆ, ಮೊದಮೊದಲು. ಒಂದು ದಿನ ಬಿಚ್ಚಿ ಇನ್ನೊಂದು ದಿನ ಕಟ್ಟುವ ಮನೆಯಲ್ಲಿ ಅಳು ನಿಲ್ಲುವುದಿಲ್ಲ. ಜಯಸಿಂಗಪುರದ ಸಣ್ಣ ದಾರಿಗೂ ಕಟ್ಟುವ ಮನೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಆಯಿಗೂ ಬಕಲ್ ಹಾಕುವುದು, ಬಿಚ್ಚುವುದು ಬರಬೇಕು.

ಪ್ರಯೋಜನ

ಒಂದು ಮನೆ ಇಟ್ಟುಕೊಳ್ಳೋಣ. ದಾನೋಳಿಯ ನಾಲ್ಕು ವರ್ಷದ ಹುಡುಗಿ, 98 ಸೆಂಟಿಮೀಟರ್, 14 ಕಿಲೋ. ಮುಮ್ಮುಖ ಸೀಟು, ಪಟ್ಟಿ ಮೇಲಿನಿಂದ ಎರಡನೆಯ ತೂತಿನಲ್ಲಿ, ಮಿತಿ 18 ಕಿಲೋ. ಮನೆಯವರು ಹುಟ್ಟುಹಬ್ಬಕ್ಕೆ ಬೂಸ್ಟರ್ ಕೊಡಿಸುವ ಯೋಚನೆಯಲ್ಲಿದ್ದಾರೆ. ಸಿದ್ಧಾಂತದ ಪ್ರಕಾರ ಅವರು ಏನನ್ನೂ ಕೊಳ್ಳಬಾರದು. ಭುಜ ಈಗಿನ ತೂತು ದಾಟಿದ್ದರೆ ಪಟ್ಟಿಯನ್ನು ಒಂದು ತೂತು ಮೇಲಕ್ಕೆ ಏರಿಸಿದರಾಯಿತು, ಆರು ತಿಂಗಳಿಗೊಮ್ಮೆ ಅಳೆಯುತ್ತಿರಬೇಕು. ಅದೇ ವಯಸ್ಸಿನ ಪಕ್ಕದ ಮನೆಯ ಹುಡುಗ 107 ಸೆಂಟಿಮೀಟರ್, 17 ಕಿಲೋ, ಭುಜ ಮೇಲಿನ ತೂತು ದಾಟಿದೆ ಎನ್ನಿ. ಅವನಿಗೆ ಈ ಹಂಗಾಮು ಶುರುವಾಗುವ ಮೊದಲೇ ಹೊಸ ಸೀಟು ಬೇಕು: ಒಳಪಟ್ಟಿ 25 ಕಿಲೋ ತನಕ ಇರುವುದು, ಮೇಲಿನ ತೂತು ಅವನ ಭುಜಕ್ಕಿಂತ ಐದು ಸೆಂಟಿಮೀಟರಾದರೂ ಎತ್ತರ ಇರುವುದು. ಅವನ ಹಳೆಯ ಸೀಟು ಅವಧಿಯೊಳಗಿದ್ದು ಡಿಕ್ಕಿ, ಮಹಾಪೂರ ಎರಡನ್ನೂ ಕಾಣದಿದ್ದರೆ ತಂಗಿಗೆ ಇಡಬಹುದು. ಇಲ್ಲವಾದರೆ ಕತ್ತರಿಯಿಂದ ಅದರ ಪಟ್ಟಿಗಳನ್ನು ತುಂಡರಿಸಿಯೇ ಗುಜರಿಗೆ ಹಾಕಬೇಕು, ಇನ್ನೊಬ್ಬರು ಒಯ್ದು ತಮ್ಮ ಮಗುವನ್ನು ಅದರಲ್ಲಿ ಕೂರಿಸದಂತೆ.